ಮೆಸೊಪೊಟೇಮಿಯಾ ಪಾಠಕ್ಕೆ ಒಂದು ಹಿಡಿ ಹಸಿಮಣ್ಣು

ನಮ್ಮ ರಾಜ್ಯದ ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಜಗತ್ತಿನ ಪ್ರಾಚೀನ ನಾಗರಿಕತೆಗಳ ಪಾಠವಿದೆ. ಈಜಿಪ್ಟ್, ಚೀನಾಗಳ ಜೊತೆಗೆ ಮೆಸೊಪೊಟೇಮಿಯಾವೂ ಅದರಲ್ಲಿ ಬರುತ್ತದೆ. ಟೈಗ್ರಿಸ್, ಯೂಫ್ರೆಟಿಸ್ ಎಂಬ ಎರಡು ನದಿಗಳು, ಕ್ಯೂನಿಫಾರ್ಮ್ ಲಿಪಿ, ಜಿಗ್ಗುರಾತ್ ಗುಡಿ, ಹಮ್ಮುರಾಬಿಯ ಕಾನೂನು ಸಂಹಿತೆ, ಇಷ್ಟು ಬಾಯಿಪಾಠವಾದರೆ ಬಿಟ್ಟ ಸ್ಥಳ ತುಂಬುವುದಕ್ಕೂ ಹೊಂದಿಸಿ ಬರೆಯುವುದಕ್ಕೂ ಸಾಕು. ಚಟುವಟಿಕೆ ಮಾಡಿಸಲೇಬೇಕು ಎಂದಾಗ ಥರ್ಮಾಕೋಲ್ ತರಿಸಿ ಜಿಗ್ಗುರಾತ್ ಕಟ್ಟಿಸುವುದು ರೂಢಿ. ಅದನ್ನು ಕತ್ತರಿಸಿ ಬಣ್ಣ ಬಳಿಯುವ ಕೆಲಸ ಬಹಳ ಸಲ ಅಪ್ಪ ಅಮ್ಮಂದಿರ ಪಾಲಿಗೆ ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡಿ ಎಂಬುದರ ಆಚೆಗೆ ಮಗುವಿಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಬಾಯಿಪಾಠವಾಗಲಿ ಥರ್ಮಾಕೋಲ್ ಮಾದರಿಯಾಗಲಿ, ಎರಡೂ ಒಂದೇ ಸಂಗತಿಯನ್ನು ಕೈಬಿಡುತ್ತವೆ. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ಜನರ ಬದುಕು ನಮಗೆ ಗೊತ್ತಾಗಿದ್ದಾದರೂ ಹೇಗೆ ಎಂಬ ಪ್ರಶ್ನೆ ಎರಡರಲ್ಲೂ ಏಳುವುದೇ ಇಲ್ಲ. ಆ ಪ್ರಶ್ನೆಯನ್ನು ಎಬ್ಬಿಸುವಂಥ ಕೈಕೆಲಸ ಈ ಪಾಠಕ್ಕೆ ಬೇಕು. ಬೆಂಗಳೂರಿನ ಕೈಗಾರಿಕಾ ವಲಯಗಳಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಲಿನ ಶಾಲೆಗಳಿಗಂತೂ ಅದು ತೀರಾ ಅಗತ್ಯ ಎಂಬುದು ನನ್ನ ವಾದ.

ಮೊದಲು ಮೆಸೊಪೊಟೇಮಿಯಾ ನಮಗೆ ಬಿಟ್ಟುಹೋದದ್ದು ಏನು ಎಂದು ನೋಡೋಣ. ಇಂದಿನ ಇರಾಕ್‌ನ ದಕ್ಷಿಣದಲ್ಲಿರುವ ಉರುಕ್ ಎಂಬ ಪಟ್ಟಣದಲ್ಲಿ ಕ್ರಿ.ಪೂ. 3200ರ ಆಸುಪಾಸಿನ ಮಣ್ಣಿನ ಹಲಗೆಗಳು ಸಾವಿರಗಟ್ಟಲೆ ಸಿಕ್ಕಿವೆ. ಜಗತ್ತಿನ ಅತಿ ಹಳೆಯ ಬರಹಗಳ ಸಾಲಿನಲ್ಲಿ ಇವು ಮೊದಲು ನಿಲ್ಲುತ್ತವೆ. ಇವುಗಳಲ್ಲಿ ಕಥೆಯಿಲ್ಲ, ಸ್ತೋತ್ರವಿಲ್ಲ, ರಾಜನ ಹೊಗಳಿಕೆಯೂ ಇಲ್ಲ. ಬಹುಪಾಲು ಹಲಗೆಗಳು ಲೆಕ್ಕಪತ್ರ. ಉಳಿದವು ಬರೆಯಲು ಕಲಿಯುವವರಿಗಾಗಿ ಮಾಡಿದ ಪದಗಳ ಪಟ್ಟಿ. ಎಷ್ಟು ಬಾರ್ಲಿ ಬಂತು, ಎಷ್ಟು ಕುರಿ ಹೋಯಿತು, ಯಾರಿಗೆ ಎಷ್ಟು ಪಡಿ ಕೊಟ್ಟರು, ಯಾವ ಅಧಿಕಾರಿಯ ವಶದಲ್ಲಿ ಏನಿದೆ ಎಂಬುದೇ ಅಲ್ಲಿನ ವಿಷಯ. ಊಟ ಅಥವಾ ಪಡಿಯನ್ನು ಸೂಚಿಸುವ ಚಿಹ್ನೆಯಲ್ಲಿ ಮನುಷ್ಯನ ತಲೆ ಇದೆ, ಅದರ ಪಕ್ಕದಲ್ಲಿ ಒಂದು ಬಟ್ಟಲಿದೆ. ಅದೇ ಆಕಾರದ ಒರಟು ಬಟ್ಟಲುಗಳು ಅಗೆತದಲ್ಲಿ ರಾಶಿ ರಾಶಿಯಾಗಿ ಸಿಕ್ಕಿವೆ. ಅವು ಪಡಿ ಅಳೆಯುವ ಬಟ್ಟಲುಗಳು ಎನ್ನುವ ವಿದ್ವಾಂಸರಿದ್ದಾರೆ. ರೊಟ್ಟಿ ಬೇಯಿಸುವ ಅಚ್ಚುಗಳು ಎನ್ನುವವರೂ ಇದ್ದಾರೆ. ಅಂದರೆ ಬರಹ ಹುಟ್ಟಿದ್ದು ಉಗ್ರಾಣದಲ್ಲಿ, ಹಂಚಿಕೆಯ ಜಾಗದಲ್ಲಿ, ಕೂಲಿಯ ಲೆಕ್ಕದ ನಡುವೆ. ಪಾಠದಲ್ಲಿ ಜಿಗ್ಗುರಾತ್‌ಗೆ ಸಿಗುವ ಜಾಗದ ಅರ್ಧದಷ್ಟಾದರೂ ಈ ಉಗ್ರಾಣಕ್ಕೆ ಸಿಕ್ಕರೆ ಹದಿಮೂರು ವರ್ಷದ ಹುಡುಗ ಹುಡುಗಿಯರಿಗೆ ಆ ನಾಡು ತಟ್ಟನೆ ಹತ್ತಿರವಾಗುತ್ತದೆ.

ಇದನ್ನು ಕೈಯಿಂದ ಕಲಿಯುವುದು ಹೇಗೆ? ಗಣೇಶನ ಮೂರ್ತಿ ಮಾಡುವವರ ಬಳಿ ಸಿಗುವ ಜೇಡಿಮಣ್ಣು ಸಾಕು. ಪ್ರತಿ ಮಗುವಿಗೆ ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣು, ಒಂದು ಐಸ್‌ಕ್ರೀಂ ಕಡ್ಡಿ, ಒಂದು ಪೆನ್ಸಿಲ್ ಕೊಡಬೇಕು. ಮೊದಲು ಕುರಿಯ ಚಿತ್ರ ಬರೆಯಲು ಹೇಳಬೇಕು. ಕಡ್ಡಿಯನ್ನು ಎಳೆದ ಕಡೆಯಲ್ಲೆಲ್ಲ ಮಣ್ಣು ಎರಡೂ ಬದಿಗೆ ಉಬ್ಬುತ್ತದೆ, ತಿರುವಿನಲ್ಲಿ ಹರಿಯುತ್ತದೆ, ಮೂರನೇ ಗೆರೆ ಎಳೆಯುವಷ್ಟರಲ್ಲಿ ಮೊದಲನೆಯದು ಕೆಡುತ್ತದೆ. ಆಮೇಲೆ ಕಡ್ಡಿಯನ್ನು ಅರ್ಧಕ್ಕೆ ಮುರಿದು, ಮುರಿದ ಕಡೆಯ ಮೂಲೆಯನ್ನು ಓರೆಯಾಗಿ ಒತ್ತಿ ಎತ್ತಲು ಹೇಳಬೇಕು. ಒಂದು ತಲೆ, ಒಂದು ಬಾಲ ಇರುವ ಮೊಳೆಯಾಕಾರದ ಗುರುತು ಸ್ವಚ್ಛವಾಗಿ ಮೂಡುತ್ತದೆ. ಚಿತ್ರಗಳು ಕಾಲಕ್ರಮದಲ್ಲಿ ಮೊಳೆಗಳ ಗುಂಪಾದದ್ದು ಏಕೆ ಎಂಬುದಕ್ಕೆ ಪುಟಗಟ್ಟಲೆ ವಿವರಣೆ ಬೇಕಿಲ್ಲ, ಬೆರಳೇ ಉತ್ತರ ಹೇಳುತ್ತದೆ. ಅಂಕಿಗೂ ಹೀಗೆಯೇ. ಉರುಕ್‌ನ ಲೆಕ್ಕದಲ್ಲಿ ಉದ್ದನೆಯ ಒತ್ತು ಒಂದಕ್ಕೆ, ದುಂಡನೆಯ ಒತ್ತು ಹತ್ತಕ್ಕೆ, ದೊಡ್ಡ ಉದ್ದನೆಯ ಒತ್ತು ಅರವತ್ತಕ್ಕೆ ಸಲ್ಲುತ್ತಿತ್ತು. ಪೆನ್ಸಿಲಿನ ಹಿಂಬದಿಯನ್ನು ನೇರವಾಗಿ ಊರಿದರೆ ಹತ್ತು, ಓರೆಯಾಗಿ ಊರಿದರೆ ಒಂದು. ಗಂಟೆಗೆ ಅರವತ್ತು ನಿಮಿಷ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಆದರೆ ಪಾಠದ ತಿರುಳು ಮರುದಿನದ ಅವಧಿಯಲ್ಲಿದೆ. ಒಂದು ಗುಂಪು ಮಾಡಿದ ಹಲಗೆಯನ್ನು ಇನ್ನೊಂದು ಗುಂಪಿಗೆ ಕೊಡಬೇಕು. ಬರೆದವರು ಬಾಯಿ ಬಿಡಬಾರದು, ಓದುವವರು ಹಲಗೆಯನ್ನಷ್ಟೇ ನೋಡಿ ಹೇಳಬೇಕು. ಹನ್ನೆರಡು ಎಂದು ಗೊತ್ತಾಗುತ್ತದೆ, ಆದರೆ ಹನ್ನೆರಡು ಏನು? ಕೊಟ್ಟದ್ದೋ ತೆಗೆದುಕೊಂಡದ್ದೋ? ಯಾರು, ಯಾರಿಗೆ, ಯಾವಾಗ? ಮಣ್ಣು ಒಣಗಿದ ಮೇಲೆ ಯಾರಾದರೂ ಅಂಕಿ ತಿದ್ದಿದರೆ ಪತ್ತೆ ಮಾಡಲು ಬರುತ್ತದೆಯೇ? ಇಷ್ಟು ಪ್ರಶ್ನೆ ಎದ್ದ ಮೇಲೆ ಮಕ್ಕಳು ತಾವಾಗಿಯೇ ಹೆಸರು, ತಿಂಗಳು, ಸಾಕ್ಷಿ, ಮುದ್ರೆ ಬೇಕು ಎನ್ನುತ್ತಾರೆ. ಸೀಮೆಸುಣ್ಣದ ತುಂಡಿನ ಮೇಲೆ ಗುಂಡುಪಿನ್ನಿನಿಂದ ಗುರುತು ಕೊರೆದು ಹಸಿಮಣ್ಣಿನ ಮೇಲೆ ಉರುಳಿಸಿದರೆ ಮೆಸೊಪೊಟೇಮಿಯಾದ ಉರುಳೆ ಮುದ್ರೆಯ ಕೆಲಸ ಅರ್ಥವಾಗುತ್ತದೆ. ದಾಖಲೆ ಎಂದರೇನು, ಅದು ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬ ತಿಳಿವಳಿಕೆ ಇತಿಹಾಸ ಕಲಿಕೆಯ ಬುನಾದಿ. ನಮ್ಮ ಎಂಟನೇ ತರಗತಿಯ ಪುಸ್ತಕ ಶುರುವಾಗುವುದೂ ಇತಿಹಾಸದ ಆಧಾರಗಳ ಪಾಠದಿಂದಲೇ. ಅಲ್ಲಿ ಹೆಸರಾಗಿ ಕಲಿತ ಆಧಾರಗಳು ಇಲ್ಲಿ ಮಕ್ಕಳ ಕೈಗೆ ಸಿಗುತ್ತವೆ.

ಈ ಪಾಠ ಕೈಗಾರಿಕಾ ವಲಯದ ಮಕ್ಕಳಿಗೆ ಏಕೆ ವಿಶೇಷವಾಗಿ ಸಲ್ಲುತ್ತದೆ ಎಂಬುದಕ್ಕೆ ಉರ್ ನಗರದ ಮೂರನೇ ರಾಜವಂಶದ ಕಾಲವನ್ನು ನೋಡಬೇಕು. ಕ್ರಿ.ಪೂ. ಸುಮಾರು 2112ರಿಂದ 2004ರವರೆಗಿನ ಆ ಆಡಳಿತ ಅಪಾರ ಲೆಕ್ಕದ ಹಲಗೆಗಳನ್ನು ಉಳಿಸಿಹೋಗಿದೆ. ಅವುಗಳ ಪ್ರಕಾರ ದುಡಿಯುವ ಗಂಡಸಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಸಿಲಾ ಬಾರ್ಲಿ ಸಿಗುತ್ತಿತ್ತು, ಹೆಂಗಸಿಗೆ 30 ಸಿಲಾ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಸಿಲಾ ಹೆಚ್ಚುಕಡಿಮೆ ಒಂದು ಲೀಟರ್. ದೊಡ್ಡ ನೇಯ್ಗೆ ಕೇಂದ್ರಗಳಲ್ಲಿ ದುಡಿಯುತ್ತಿದ್ದವರು ಬಹುತೇಕ ಹೆಂಗಸರು. ತರಗತಿಯಲ್ಲಿ ಒಂದು ಲೀಟರ್ ಅಳತೆಯ ಪಾತ್ರೆ ಇಟ್ಟು, ಅಕ್ಕಿಯನ್ನೋ ಮರಳನ್ನೋ ಅಳೆದು, ಮೂವತ್ತು ಅಳತೆಯ ರಾಶಿಯನ್ನೂ ಅರವತ್ತು ಅಳತೆಯ ರಾಶಿಯನ್ನೂ ಪಕ್ಕಪಕ್ಕ ಹಾಕಿಸಬೇಕು. ಒಬ್ಬ ತಾಯಿ, ಇಬ್ಬರು ಮಕ್ಕಳ ಮನೆಗೆ ಇದು ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹಾಕಿಸಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿಯೋ ಹೆಲ್ಪರ್ ಆಗಿಯೋ ದುಡಿಯುವ ತಾಯಂದಿರ ಮಕ್ಕಳು ಆ ಎರಡು ರಾಶಿಗಳನ್ನು ನೋಡಿ ಕೇಳುವ ಪ್ರಶ್ನೆಗಳು ಯಾವ ಗೈಡಿನಲ್ಲೂ ಇರುವುದಿಲ್ಲ. ಹಾಜರಿ, ಓವರ್‌ಟೈಮ್, ಪಿ.ಎಫ್. ಕಡಿತ, ರೇಷನ್ ಕಾರ್ಡ್ ಇವೆಲ್ಲ ಅವರ ಮನೆಯಲ್ಲಿ ದಿನಾ ಕೇಳುವ ಮಾತು. ಬರಹ ಹುಟ್ಟಿದಂದಿನಿಂದಲೂ ದುಡಿಮೆಯನ್ನು ಎಣಿಸುವವರು ಒಂದು ಕಡೆ, ದುಡಿಯುವವರು ಇನ್ನೊಂದು ಕಡೆ ಇದ್ದಾರೆ. ಓದಲು ಬಂದವನಿಗೆ ತನ್ನ ಲೆಕ್ಕವನ್ನು ತಾನೇ ಪರಿಶೀಲಿಸುವ ಶಕ್ತಿ ಬರುತ್ತದೆ. ಈ ಅರಿವು ಹದಿಮೂರರ ವಯಸ್ಸಿನಲ್ಲಿ ಮೂಡಿದರೆ ಅದು ಬದುಕಿಗೂ ಒದಗುತ್ತದೆ.

ಪೀಣ್ಯದ ಮಕ್ಕಳಿಗೆ ಹೇಳಿ ಮಾಡಿಸಿದಂಥ ಹಲಗೆಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 1750ರ ಸುಮಾರಿಗೆ ಉರ್ ನಗರದಲ್ಲಿ ಏಯ ನಾಸಿರ್ ಎಂಬ ತಾಮ್ರದ ವ್ಯಾಪಾರಿಯಿದ್ದ. ಅವನಿಗೆ ನನ್ನಿ ಎಂಬ ಗಿರಾಕಿ ಬರೆಸಿದ ದೂರು ಅದರಲ್ಲಿದೆ. ಒಳ್ಳೆಯ ಗಟ್ಟಿ ಕೊಡುತ್ತೇನೆಂದು ಹೇಳಿ ಕಳಪೆ ಮಾಲು ಮುಂದಿಟ್ಟೆ, ಹಣ ಇಟ್ಟುಕೊಂಡು ನನ್ನ ಆಳನ್ನು ಬರಿಗೈಯಲ್ಲಿ ಕಳಿಸಿದೆ, ಇನ್ನು ಮುಂದೆ ನಾನೇ ಆರಿಸಿ ತೆಗೆದುಕೊಳ್ಳುತ್ತೇನೆ, ಸರಿಯಿಲ್ಲದ್ದನ್ನು ತಿರಸ್ಕರಿಸುತ್ತೇನೆ ಎಂಬುದು ಅವನ ಮಾತಿನ ಸಾರ. ಸಣ್ಣ ಮೆಷಿನ್ ಶಾಪುಗಳಲ್ಲಿ ಜಾಬ್ ವರ್ಕ್ ಮಾಡುವವರಿಗೆ ಡೆಲಿವರಿ ಚಲನ್, ಇನ್‌ಸ್ಪೆಕ್ಷನ್, ರಿಜೆಕ್ಷನ್, ಬಾಕಿ ಪೇಮೆಂಟ್ ಇವೆಲ್ಲ ನಿತ್ಯದ ತಲೆನೋವು. ಮಕ್ಕಳನ್ನು ಎರಡು ತಂಡ ಮಾಡಿ, ಒಂದು ತಂಡ ನನ್ನಿಯ ಪರವಾಗಿ, ಇನ್ನೊಂದು ಏಯ ನಾಸಿರ್‌ನ ಪರವಾಗಿ ವಾದಿಸಲಿ. ಈ ಹಲಗೆಯಲ್ಲಿರುವುದು ಒಬ್ಬ ಗಿರಾಕಿಯ ದೂರು ಮಾತ್ರ. ವ್ಯಾಪಾರಿಯ ಉತ್ತರ ನಮ್ಮ ಮುಂದಿಲ್ಲ. ಹಾಗಿರುವಾಗ ತೀರ್ಪು ಕೊಡಬಹುದೇ, ಕೊಡುವುದಾದರೆ ಇನ್ನೇನು ಪುರಾವೆ ಬೇಕು ಎಂದು ತರಗತಿ ನಿರ್ಧರಿಸಲಿ. ಒಂದೇ ಕಡೆಯ ಮಾತು ಕೇಳಿ ತೀರ್ಮಾನಕ್ಕೆ ಬರಬಾರದು ಎಂಬ ಇತಿಹಾಸಕಾರನ ಶಿಸ್ತನ್ನು ಮೊಬೈಲಿಗೆ ಬಂದದ್ದನ್ನೆಲ್ಲ ನಂಬುವ ಈ ಕಾಲದಲ್ಲಿ ಕಲಿಸದೆ ಇನ್ಯಾವಾಗ ಕಲಿಸುವುದು?

ಚಟುವಟಿಕೆಯಿಂದ ಕಲಿಕೆ ತಾನಾಗಿಯೇ ಆಗಿಬಿಡುತ್ತದೆ ಎಂಬ ನಂಬಿಕೆಗೆ ಗಂಭೀರವಾದ ಆಕ್ಷೇಪಗಳಿವೆ. ಅವನ್ನು ತಳ್ಳಿಹಾಕಲಾಗದು. ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹೊಸ ವಿಷಯ ಕಲಿಯುವವರಿಗೆ ಮಾರ್ಗದರ್ಶನ ಕೊಡದೆ ನೀವೇ ಕಂಡುಹಿಡಿಯಿರಿ ಎಂದು ಬಿಟ್ಟರೆ ಕಲಿಕೆ ಸೊರಗುತ್ತದೆ ಎಂದು ವಾದಿಸಿದರು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವಿಲ್ಲಿಂಗ್‌ಹ್ಯಾಮ್ 2009ರ ತಮ್ಮ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಗುಲಾಮಗಿರಿಯಿಂದ ಗುಟ್ಟಾಗಿ ಪಾರಾಗುತ್ತಿದ್ದವರ ಪಾಠಕ್ಕೆಂದು ಮಕ್ಕಳಿಂದ ಅವರು ತಿನ್ನುತ್ತಿದ್ದಂಥ ಬಿಸ್ಕತ್ತು ಮಾಡಿಸಲಾಯಿತು. ಮಕ್ಕಳ ಗಮನವೆಲ್ಲ ಹಿಟ್ಟು ಹಾಲಿನ ಅಳತೆಯ ಮೇಲೆ ಹೋಯಿತು, ಓಡಿಹೋದವರ ಮೇಲಲ್ಲ. ಮನಸ್ಸು ಯಾವುದರ ಬಗ್ಗೆ ಯೋಚಿಸಿತೋ ಅದೇ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅವರ ತಾತ್ಪರ್ಯ. ಈ ಟೀಕೆ ಥರ್ಮಾಕೋಲ್ ಜಿಗ್ಗುರಾತ್‌ಗೆ ನೇರವಾಗಿ ತಾಗುತ್ತದೆ, ಏಕೆಂದರೆ ಅಲ್ಲಿ ಮಗು ಯೋಚಿಸುವುದು ಅಂಟಿನ ಬಗ್ಗೆ. ಲೆಕ್ಕದ ಹಲಗೆಯಲ್ಲಿ ಮಗು ಯೋಚಿಸುವುದು ದಾಖಲೆಯ ಬಗ್ಗೆಯೇ, ಕಲಿಯಬೇಕಾದ ವಿಷಯವೂ ಅದೇ. ಆದ್ದರಿಂದ ಪ್ರತಿ ಕೈಕೆಲಸಕ್ಕೂ ಒಂದು ಪರೀಕ್ಷೆ ಇರಲಿ: ಇದನ್ನು ಮಾಡುವಾಗ ಮಗುವಿನ ತಲೆಯಲ್ಲಿ ಓಡುವ ಪ್ರಶ್ನೆ ಪಾಠದ ಪ್ರಶ್ನೆಯೇ? ಹೌದಾದರೆ ಮಾಡಿಸಬೇಕು, ಇಲ್ಲವಾದರೆ ಬಿಡಬೇಕು. ಮೊದಲು ಹಿನ್ನೆಲೆ ಹೇಳುವುದು, ನಡುವೆ ಪ್ರಶ್ನೆ ಕೇಳುವುದು, ಕೊನೆಗೆ ಕಲಿತದ್ದನ್ನು ಬರೆಸುವುದು ಶಿಕ್ಷಕರ ಕೆಲಸವೇ; ಮಣ್ಣು ಅವರ ಜಾಗವನ್ನು ತುಂಬಲಾರದು.

ನಮ್ಮದನ್ನು ಬಿಟ್ಟು ಇರಾಕ್‌ನ ಇತಿಹಾಸ ನಮ್ಮ ಮಕ್ಕಳಿಗೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಎರಡನ್ನೂ ಎದುರುಬದುರು ನಿಲ್ಲಿಸುವ ಅಗತ್ಯವಿಲ್ಲ. ಅಕ್ಕಾಡ್‌ನ ದೊರೆ ಸಾರ್ಗಾನ್ ತನ್ನ ಬಂದರಿನಲ್ಲಿ ಮೆಲುಹ್ಹಾದ ಹಡಗುಗಳು ನಿಲ್ಲುತ್ತವೆ ಎಂದು ಹೆಮ್ಮೆಪಟ್ಟಿದ್ದಾನೆ. ಮೆಲುಹ್ಹಾ ಎಂದರೆ ಸಿಂಧೂ ನಾಗರಿಕತೆಯ ಪ್ರದೇಶ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಉರ್‌ನ ರಾಜಸಮಾಧಿಗಳಲ್ಲಿ ಸಿಂಧೂ ಕಡೆಯ ಕೆಂಪುಕಲ್ಲಿನ ಮಣಿಗಳು ಸಿಕ್ಕಿವೆ. ಮೆಲುಹ್ಹಾ ಭಾಷೆಯ ದುಭಾಷಿಯಾಗಿದ್ದ ಶು ಇಲಿಶು ಎಂಬವನ ಮುದ್ರೆ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಸಿಂಧೂ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ, ಹೀಗಾಗಿ ಆ ನಾಡಿನ ಬಗ್ಗೆ ಓದಲು ಬರುವ ಸಮಕಾಲೀನ ಬರಹ ಸಿಗುವುದು ಮೆಸೊಪೊಟೇಮಿಯಾದಲ್ಲೇ. ಅದಕ್ಕಿಂತ ಮುಖ್ಯವಾಗಿ, ಮಣ್ಣಿನ ಹಲಗೆಯ ಮೇಲೆ ಕಲಿತ ಓದು ನಮ್ಮ ಮನೆ ಬಾಗಿಲ ಕಲ್ಲಿಗೂ ಒದಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ದೂರವಿಲ್ಲದ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವಿದೆ. ಬೆಂಗಳೂರು ಎಂಬ ಹೆಸರು ಕಾಣುವ ಹಳೆಯ ದಾಖಲೆ ಅದು, ಅದರಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವಿದೆ. ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯಲ್ಲಿ ಚೋಳ ರಾಜೇಂದ್ರನ ಕಾಲದ, 1043ರ ತಮಿಳು ಶಾಸನವಿದೆ. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ ತೂಬು ಇಡಿಸಿದ್ದನ್ನು ಅದು ಹೇಳುತ್ತದೆ. ಇಂದು ಐಟಿ ಪಾರ್ಕ್ ನಿಂತಿರುವುದು ಅದೇ ಪಟ್ಟಂದೂರು ಅಗ್ರಹಾರದಲ್ಲಿ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲೇ ಅಚ್ಚು ಹಾಕಿಸಿದರು. ಮಿಥಿಕ್ ಸೊಸೈಟಿ ಈಗ ಅಂಥ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ.

ಈ ಎರಡು ಲೋಕಗಳನ್ನು ಜೋಡಿಸುವ ಚಟುವಟಿಕೆಗೆ ಇತಿಹಾಸದಲ್ಲೇ ಒಂದು ಮೇಲ್ಪಂಕ್ತಿಯಿದೆ. ಕ್ಯೂನಿಫಾರ್ಮ್ ಓದಿಬಿಟ್ಟೆವು ಎಂದು ಕೆಲವರು ಹೇಳಿದಾಗ ನಂಬದವರು ಬಹಳ ಮಂದಿ ಇದ್ದರು. 1857ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಅಸ್ಸೀರಿಯಾದ ರಾಜನೊಬ್ಬನ ಒಂದೇ ಬರಹವನ್ನು ರಾಲಿನ್‌ಸನ್, ಹಿಂಕ್ಸ್, ಟಾಲ್ಬಟ್, ಒಪರ್ಟ್ ಎಂಬ ನಾಲ್ವರು ಬೇರೆಬೇರೆಯಾಗಿ ಅನುವಾದಿಸಿದ್ದನ್ನು ಲಕೋಟೆಯಲ್ಲಿ ತರಿಸಿಕೊಂಡು ಹೋಲಿಸಿತು. ಮುಖ್ಯ ಸಂಗತಿಗಳು ಹೊಂದಿಕೆಯಾದವು, ಓದು ಸರಿ ಎಂದು ವಿದ್ವತ್ ಲೋಕ ಒಪ್ಪಿತು. ತರಗತಿಯಲ್ಲೂ ನಾಲ್ಕು ಗುಂಪುಗಳಿಗೆ ಕಾಡುಗೋಡಿ ಶಾಸನದ ಸಾರಾಂಶವನ್ನೋ ಒಂದು ವೀರಗಲ್ಲಿನ ಚಿತ್ರವನ್ನೋ ಕೊಟ್ಟು, ಯಾರು, ಏನು, ಯಾವಾಗ, ಏಕೆ ಎಂದು ಬೇರೆಬೇರೆಯಾಗಿ ಬರೆಸಿ ಹೋಲಿಸಬಹುದು. ಎಲ್ಲಿ ನಾಲ್ವರ ಮಾತು ಒಂದಾಯಿತೋ ಅಲ್ಲಿ ಆಧಾರ ಗಟ್ಟಿ. ಎಲ್ಲಿ ಬೇರೆಯಾಯಿತೋ ಅಲ್ಲಿ ಊಹೆ ನುಸುಳಿದೆ. ಪಾಠದಲ್ಲಿ ಬರುವ ನದಿ, ನೀರಿನ ವಿಷಯವನ್ನೂ ಹೀಗೆ ಕೈಯಿಂದಲೇ ಕಲಿಸಬಹುದು. ಕಟ್ಟಡದ ಕೆಲಸದ ಬಾಂಡ್ಲಿಯೊಂದರಲ್ಲಿ ಮಣ್ಣು ಹರಡಿ ಕಾಲುವೆ ತೋಡಿ, ಮೇಲಿನ ಗದ್ದೆಯವನು ಬದು ಒಡೆದುಕೊಂಡರೆ ಕೆಳಗಿನವನ ಪಾಡೇನು ಎಂದು ನೋಡಲಿ. ಹೊಲದವನು ತನ್ನ ಬದುವನ್ನು ಗಟ್ಟಿಯಾಗಿಡದೆ ಅದು ಒಡೆದು ನೆರೆಯವರ ಹೊಲ ಮುಳುಗಿದರೆ ಹಾಳಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು ಎಂದು ಹಮ್ಮುರಾಬಿಯ ಸಂಹಿತೆ ಹೇಳುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಮತ್ತು ಬೆಂಕಿಯನ್ನು ಕಂಡ ಊರಿನ ಮಕ್ಕಳಿಗೆ, ಮೇಲಿನವರು ಬಿಟ್ಟ ನೀರಿಗೆ ಹೊಣೆ ಯಾರು ಎಂಬ ಪ್ರಶ್ನೆ ಹಳೆಯದೇನೂ ಅಲ್ಲ.

ಸಮಯವೆಲ್ಲಿದೆ, ಐವತ್ತು ಮಕ್ಕಳ ತರಗತಿಯಲ್ಲಿ ಇದು ಸಾಧ್ಯವೇ, ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬರುತ್ತದೆಯೇ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಸಿಲಬಸ್ ಮುಗಿಸುವ ಒತ್ತಡದ ಮೇಲೆ ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳೂ ಅವರ ತಲೆಗೇ ಬರುತ್ತವೆ. ಆದ್ದರಿಂದ ಪ್ರತಿ ಪಾಠಕ್ಕೂ ಚಟುವಟಿಕೆ ಬೇಕೆಂದು ನಾನು ಕೇಳುತ್ತಿಲ್ಲ. ಇಡೀ ವರ್ಷದಲ್ಲಿ ಈ ಒಂದು ಪಾಠವನ್ನು ಪೂರ್ತಿಯಾಗಿ ಕೈಯಿಂದ ಕಲಿಸಿದರೂ, ಉಳಿದ ಪಾಠಗಳನ್ನು ಓದುವಾಗ ಇದು ಗೊತ್ತಾಗಿದ್ದು ಹೇಗೆ ಎಂದು ಕೇಳುವ ಅಭ್ಯಾಸ ಮಕ್ಕಳಲ್ಲಿ ಬೇರೂರುತ್ತದೆ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆಂದು ಈಗಾಗಲೇ ಅಂಕಗಳಿವೆ; ಚಾರ್ಟ್ ಅಂಟಿಸಿದ್ದಕ್ಕೆ ಕೊಡುವ ಅಂಕವನ್ನೇ ಹಲಗೆ ಓದಿ ಬರೆದ ಒಂದು ಪುಟಕ್ಕೆ ಕೊಟ್ಟರಾಯಿತು. ಕೈಯಿಂದ ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸತೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಮುಂದೆ ಇಡೀ ರಾಜ್ಯದ ಒಂದರಿಂದ ಮೂರನೇ ತರಗತಿಗಳಿಗೆ ಹಬ್ಬಿತು. ಚಿಕ್ಕ ಮಕ್ಕಳಿಗೆ ಸಲ್ಲುತ್ತದೆ ಎಂದು ನಾವೇ ಒಪ್ಪಿದ್ದನ್ನು, ಯೋಚನೆ ಹರಿತವಾಗುವ ವಯಸ್ಸಿಗೆ ಬಂದಾಗ ಏಕೆ ಬಿಟ್ಟುಬಿಡಬೇಕು ಎಂಬುದಕ್ಕೆ ಸರಿಯಾದ ಕಾರಣ ಕಾಣುವುದಿಲ್ಲ.

ಈ ಪ್ರದೇಶದ ತರಗತಿಗಳ ಇನ್ನೊಂದು ವಾಸ್ತವವೂ ಇದೇ ಪಾಠಕ್ಕೆ ಒಲಿದು ಬರುತ್ತದೆ. ಉತ್ತರ ಕರ್ನಾಟಕದಿಂದ, ಆಂಧ್ರದಿಂದ, ತಮಿಳುನಾಡಿನಿಂದ, ಬಿಹಾರ, ಒಡಿಶಾಗಳಿಂದ ದುಡಿಯಲು ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಓದಿ ಒಪ್ಪಿಸುವ ಪಾಠದಲ್ಲಿ ಕನ್ನಡ ಅಥವಾ ಇಂಗ್ಲಿಷ್ ತಡವರಿಸುವ ಮಗು ಹಿಂದೆ ಉಳಿಯುತ್ತದೆ. ಮಣ್ಣಿನ ಲೆಕ್ಕ ಮಾಡುವಾಗ ಅದರ ಬುದ್ಧಿ ಎಲ್ಲರಿಗೂ ಕಾಣುತ್ತದೆ, ಮಾತು ಆಮೇಲೆ ಜೊತೆಗೂಡುತ್ತದೆ. ಇಂಥ ಶಾಲೆ ಮೆಸೊಪೊಟೇಮಿಯಾದಲ್ಲೂ ಇತ್ತು. ನಿಪ್ಪುರ್ ಪಟ್ಟಣದ ಒಂದು ಮನೆಯನ್ನು 1950ರ ದಶಕದ ಆರಂಭದಲ್ಲಿ ಅಗೆದಾಗ ಮಕ್ಕಳು ಬರೆದ ಅಭ್ಯಾಸದ ಹಲಗೆಗಳು ನೂರಾರು ಸಂಖ್ಯೆಯಲ್ಲಿ ಸಿಕ್ಕವು. ಹಳೆಯ ಹಲಗೆಗಳನ್ನು ಮತ್ತೆ ನೆನೆಸುವ ತೊಟ್ಟಿಯೂ ಅಲ್ಲಿತ್ತು. ಮೆಸೊಪೊಟೇಮಿಯಾದ ಶಾಲಾ ಹಲಗೆಗಳಲ್ಲಿ ಗುರು ಬರೆದದ್ದನ್ನು ನೋಡಿ ಶಿಷ್ಯ ತಿದ್ದಿದ ದುಂಡು ಹಲಗೆಗಳಿವೆ. ಮನೆಯಲ್ಲಿ ಅಕ್ಕಾಡಿಯನ್ ಮಾತನಾಡುವ ಆ ಮಕ್ಕಳು ಯಾರ ಮನೆಮಾತೂ ಆಗಿ ಉಳಿಯದ ಸುಮೇರಿಯನ್ ಭಾಷೆಯನ್ನು ಶಾಲೆಯಲ್ಲಿ ಕಲಿಯುತ್ತಿದ್ದರು. ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಎಂಬ ಕಷ್ಟ ತಮ್ಮೊಬ್ಬರದೇ ಅಲ್ಲ, ಅದನ್ನು ದಾಟಿದ ಮಕ್ಕಳು ಹಿಂದೆಯೂ ಇದ್ದರು ಎಂದು ಗೊತ್ತಾಗುವುದು ಈ ಮಕ್ಕಳಿಗೆ ಸಣ್ಣ ಸಮಾಧಾನವೇನಲ್ಲ.

ಹಾಗಾದರೆ ಆಗಬೇಕಾದದ್ದು ಸ್ಪಷ್ಟವಿದೆ, ದುಬಾರಿಯೂ ಅಲ್ಲ. ಶಿಕ್ಷಣ ಇಲಾಖೆ ಈ ಪಾಠಕ್ಕೆ ಹಲಗೆ, ಪಡಿ ಅಳತೆ, ದೂರಿನ ವಿಚಾರಣೆ, ಸ್ಥಳೀಯ ಶಾಸನ ಎಂಬ ನಾಲ್ಕು ಚಟುವಟಿಕೆಗಳ ಕೈಪಿಡಿಯನ್ನು ಕನ್ನಡದಲ್ಲಿ ಕೊಡಲಿ; ಕ್ಲಸ್ಟರ್ ಮಟ್ಟದ ಸಭೆಯಲ್ಲಿ ಶಿಕ್ಷಕರು ಮೊದಲು ತಾವೇ ಮಣ್ಣು ಹಿಡಿದು ಮಾಡಿ ನೋಡಲಿ. ಈ ಪ್ರದೇಶದ ಕಂಪನಿಗಳು ಸಿ.ಎಸ್.ಆರ್. ಹಣದಿಂದ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್, ಬೆಂಚು ಕೊಡುತ್ತವೆ. ಅದರ ಜೊತೆಗೆ ಮಕ್ಕಳನ್ನು ಬೇಗೂರಿಗೋ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ಯುವ ಒಂದು ಬಸ್ಸಿನ ಖರ್ಚು ಭರಿಸಲಿ. ಪೋಷಕರು ಮಾದರಿ ಮಾಡಿಕೊಡುವುದನ್ನು ಬಿಟ್ಟು, ಮಗು ಮಾಡಿದ ಸೊಟ್ಟ ಹಲಗೆಯನ್ನು ಕೈಗೆ ತೆಗೆದುಕೊಂಡು ಇದರಲ್ಲಿ ಏನಿದೆ, ಓದಿ ಹೇಳು ಎಂದು ಕೇಳಲಿ. ಬೆಂಗಳೂರಿನ ಈ ಹೊರವಲಯ ನಿಂತಿರುವುದೇ ಲೆಕ್ಕ, ಅಳತೆ ಮತ್ತು ದಾಖಲೆಗಳ ಮೇಲೆ. ಇಲ್ಲಿ ಬೆಳೆಯುವ ಪ್ರತಿ ಮಗುವೂ ನಾಳೆ ಯಾವುದೋ ರಿಜಿಸ್ಟರಿನಲ್ಲಿ, ಯಾವುದೋ ಡೇಟಾಬೇಸಿನಲ್ಲಿ ಒಂದು ಸಾಲಾಗುತ್ತದೆ. ಆ ಸಾಲನ್ನು ಬರೆದವರು ಯಾರು, ಏಕೆ ಬರೆದರು, ಬರೆಯದೆ ಬಿಟ್ಟದ್ದೇನು ಎಂದು ಕೇಳಬಲ್ಲ ನಾಗರಿಕರನ್ನು ಬೆಳೆಸುವುದು ಶಾಲೆಯ ಹೊಣೆ, ಎಂಟನೇ ತರಗತಿಯ ಈ ಪಾಠ ಅದಕ್ಕೆ ಸಿದ್ಧವಾದ ಅವಕಾಶ.